ಇನ್ನೂ ಎಷ್ಟು ದಿನ 'ನಾಳೆ ಬಾ'?

ನಮ್ಮ ದಢೇಸುಗೂರಿನಲ್ಲಿ ಕರೆಂಟು ಹೋಯಿತೆಂದರೆ ಅಜ್ಜಿಯ ದೆವ್ವದ ಕತೆ ಶುರು. ನಡುವೆ ನಿಲ್ಲಿಸಿ ಕೇಳುತ್ತಿದ್ದಳು: "ಬಾಗ್ಲ ಬಡಿಯಾಕತ್ತಾರ, ನಿಮ್ಮವ್ವನ ದನಿ ಇದ್ದಂಗೈತಿ. ತೆಗೀತೀಯೋ, ಸುಮ್ನ ಮಲಗ್ತೀಯೋ?" ತೆಗೀತೀನಿ ಅಂದರೆ ಒಂದು ಕತೆ, ಇಲ್ಲ ಅಂದರೆ ಇನ್ನೊಂದು. ಇದನ್ನೇ ಗೇಮ್ ಅಂತಾರೆ ಅಂತ ಗೊತ್ತಾಗಿದ್ದು ಇಂಜಿನಿಯರಿಂಗ್ ಮುಗಿದ ಮೇಲೆ :-)

ಜಪಾನಿನ ಚುನ್‌ಸಾಫ್ಟ್ ಕಂಪನಿ 1992ರಲ್ಲಿ 'ಒಟೊಗಿರಿಸೊ' ಅನ್ನೋ ಗೇಮ್ ತಂದಿತು. ಪರದೆ ತುಂಬಾ ಬರಹ, ಹಿಂದೆ ಸದ್ದು. ಓದುತ್ತಾ ಹೋಗಬೇಕು, ಕವಲು ಬಂದಾಗ ಒಂದು ದಾರಿ ಆರಿಸಬೇಕು. 1994ರಲ್ಲಿ 'ಕಮಾಯಿತಾಚಿ ನೋ ಯೊರು' ಬಂತು. ಹಿಮಗಾಳಿಯಲ್ಲಿ ಸಿಕ್ಕಿಬಿದ್ದ ವಸತಿಗೃಹ, ಒಳಗೊಂದು ಕೊಲೆ. ನೀವು ತಪ್ಪು ಆರಿಸಿದಷ್ಟೂ ಹೆಣಗಳು ಹೆಚ್ಚು! ಬರೆದವರು ಪತ್ತೇದಾರಿ ಕಾದಂಬರಿಕಾರ ಅಬಿಕೊ ತಕೆಮಾರು.

ಇಂಥದ್ದು ಕನ್ನಡದಲ್ಲಿ ಮಾಡೋಣ ಅಂದರೆ ಆಫೀಸಿನ ಗೆಳೆಯರು ನಗುತ್ತಾರೆ. "ಅದಕ್ಕೆ ಕೋಟಿಗಟ್ಟಲೆ ಬೇಕು ಮಾರಾಯ, ಗ್ರಾಫಿಕ್ಸ್ ಯಾರು ಮಾಡ್ತಾರೆ?"

ಸ್ವಾಮೀ, ಕಮಾಯಿತಾಚಿಯಲ್ಲಿ ಪಾತ್ರಗಳಿಗೆ ಮುಖವೇ ಇಲ್ಲ. ಬರೀ ನೀಲಿ ನೆರಳುಗಳು! 16-ಬಿಟ್ ಯಂತ್ರದಲ್ಲಿ, ಟಿವಿ ಪರದೆಯ ಮೇಲೆ, ಅಷ್ಟೊಂದು ಕಾಂಜಿ ಅಕ್ಷರಗಳನ್ನು ಮೂಡಿಸಿದರು ಅವರು. ನಮ್ಮ ಕೈಯಲ್ಲಿ ಕನ್ನಡ ಬರುವ ಫೋನಿದೆ. 2009ರಲ್ಲೇ ಬಂದ ಟ್ವೈನ್ ಪುಕ್ಕಟೆ. ಬ್ರೌಸರಿನಲ್ಲೇ ಓಡುತ್ತೆ, ಯೂನಿಕೋಡ್ ಕನ್ನಡ ಚೆನ್ನಾಗೇ ಕಾಣುತ್ತೆ. ಕೊರತೆ ದುಡ್ಡಿನದಲ್ಲ. ನಮ್ಮ ಕತೆ ಆಡಲು ಯೋಗ್ಯ ಅನ್ನೋ ನಂಬಿಕೆಯದು.

ಬಾಗಿಲ ಮೇಲೆ 'ನಾಳೆ ಬಾ' ಬರೆದು ದೆವ್ವವನ್ನು ಸಾಗಹಾಕಿದ ಜನ ನಾವು. ಆ ಕತೆಯನ್ನು 2018ರಲ್ಲಿ ಹಿಂದಿಯ 'ಸ್ತ್ರೀ' ಚಿತ್ರ ಮಧ್ಯಪ್ರದೇಶದ ಚಂದೇರಿಗೆ ಹೊತ್ತೊಯ್ದಿತು. ಅವರನ್ನು ಬೈದು ಫಲವಿಲ್ಲ. ಜಪಾನಿಯರ ಕತೆಯೂ 2014ರಲ್ಲಿ ಇಂಗ್ಲಿಷಿಗೆ ಹೋಯಿತು, ಆದರೆ ಇಪ್ಪತ್ತು ವರ್ಷ ಅವರದೇ ನುಡಿಯಲ್ಲಿ ಆಡಿಸಿಕೊಂಡ ಮೇಲೆ. ನಾವು ಮಾತ್ರ ಹಗಲೆಲ್ಲ ಯಾರದೋ ಕೋಡ್ ಬರೆದು, ರಾತ್ರಿ 'ಕನ್ನಡ ಉಳಿಸಿ' ಅಂತ ಬ್ಲಾಗ್ ಬರೀತೀವಿ. ನಾನೂ ಸೇರಿ!

ಹೋದ ಭಾನುವಾರ ಅಜ್ಜಿಯ ಕತೆಯನ್ನು ಟ್ವೈನಿಗೆ ಹಾಕಲು ಕೂತೆ. ಬಾಗಿಲು ತೆಗೆದರೆ ಏನಾಗುತ್ತೆ ಅನ್ನೋದು ನೆನಪಿದೆ. ತೆಗೆಯದಿದ್ದರೆ? ಎಷ್ಟು ಯೋಚಿಸಿದರೂ ಹೊಳೀಲಿಲ್ಲ. ಕೇಳೋಣ ಅಂದರೆ ಅಜ್ಜಿ ಇಲ್ಲ. ಆ ಕವಲು ಖಾಲಿಯೇ ಉಳಿದಿದೆ.

ನಿಮ್ಮಜ್ಜಿ ಇದ್ದಾರಾ? ಹಾಗಿದ್ದರೆ ಇವತ್ತೇ ಫೋನ್ ಮಾಡಿ, ಎರಡೂ ದಾರಿ ಕೇಳಿ ಬರೆದಿಟ್ಟುಕೊಳ್ಳಿ. ಕೋಡ್ ಕೆಲಸ ನನಗೆ ಬಿಡಿ. ನಾಳೆ ಅಂತ ಮಾತ್ರ ಅನ್ನಬೇಡಿ.

ಏನಂತೀರಿ?