ಎರಡನೇ ಸರ್ವರಿಗೂ ಸೋಮವಾರದ ಕೆಲಸ ಕೊಡಿ

ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ಮುಂಬೈನ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವನ್ನು, ಅಂದರೆ ಎನ್‌ಎಸ್‌ಇಯನ್ನು, ಹಂಗಿಸಲು ಬರುವುದಿಲ್ಲ. 2021ರ ಫೆಬ್ರುವರಿ 24ರ ಬುಧವಾರ ಅವರ ಬಳಿ ಬಾವಿಗಳು ಬೇಕಾದಷ್ಟಿದ್ದವು. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ಮುಖ್ಯ ತಾಣ, ಹತ್ತಿರದಲ್ಲೇ ಅದರ ಜೋಡಿ ತಾಣ, ಇವೆರಡೂ ಹೋದರೆ ಇರಲಿ ಎಂದು ದೂರದ ಚೆನ್ನೈಯಲ್ಲಿ ಮೂರನೆಯದು. ಎರಡು ತಾಣಗಳ ನಡುವೆ ಎರಡು ಟೆಲಿಕಾಂ ಕಂಪನಿಗಳಿಂದ ಪಡೆದ ಹಲವು ಸಂಪರ್ಕಗಳು. ಇಷ್ಟೆಲ್ಲ ಇದ್ದೂ ಬೆಳಿಗ್ಗೆ 11.40ಕ್ಕೆ ದೇಶದ ಅತಿ ದೊಡ್ಡ ಷೇರುಪೇಟೆ ಬಾಗಿಲು ಮುಚ್ಚಿತು. ಮತ್ತೆ ತೆರೆದದ್ದು ಮಧ್ಯಾಹ್ನ 3.45ಕ್ಕೆ, ಅದೂ ಮುಖ್ಯ ತಾಣವೇ ದುರಸ್ತಿಯಾದ ಮೇಲೆ. ಚೆನ್ನೈಗೆ ವಹಿವಾಟನ್ನು ಯಾರೂ ತಿರುಗಿಸಲಿಲ್ಲ.

ನಾಲ್ಕು ಗಂಟೆ ನಿಂತರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎನ್ನುವವರು, ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರುವ ಸಣ್ಣ ವ್ಯಾಪಾರಿಯನ್ನು ಕೇಳಬೇಕು. ಮರುದಿನವೇ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಗಳ ತಿಂಗಳ ಗಡುವು. ಪೇಟೆ ಮತ್ತೆ ತೆರೆಯುತ್ತದೋ ಇಲ್ಲವೋ ತಿಳಿಯದೆ ಹಲವು ಬ್ರೋಕರುಗಳು ತಮ್ಮ ಗ್ರಾಹಕರ ಆ ದಿನದ ವ್ಯವಹಾರಗಳನ್ನು ಬಿಎಸ್‌ಇಯಲ್ಲಿ ಸಿಕ್ಕ ಬೆಲೆಗೆ ಚುಕ್ತಾ ಮಾಡಿದರು. ಆಮೇಲೆ ನೋಡಿದರೆ ಎನ್‌ಎಸ್‌ಇ ಸಂಜೆ 5ರವರೆಗೆ ವಹಿವಾಟು ನಡೆಸಿತು. ಯಂತ್ರ ಕೆಟ್ಟದ್ದು ಒಬ್ಬರದು, ದಂಡ ತೆತ್ತವರು ಇನ್ನೊಬ್ಬರು.

ಮುಂದಿನ ತಿಂಗಳು ಎನ್‌ಎಸ್‌ಇ ಕೊಟ್ಟ ವಿವರಣೆಯನ್ನು ಸರ್ವರ್ ನೋಡಿಕೊಳ್ಳುವ ಪ್ರತಿಯೊಬ್ಬರೂ ಗೋಡೆಗೆ ಅಂಟಿಸಿಕೊಳ್ಳಬೇಕು. ತಾಣಗಳ ನಡುವಿನ ರಸ್ತೆಯಲ್ಲಿ ನಡೆಯುತ್ತಿದ್ದ ಅಗೆತ, ನಿರ್ಮಾಣದ ಕೆಲಸಗಳಿಂದ ಸಂಪರ್ಕಗಳು ಕೈಕೊಟ್ಟವಂತೆ. ಕಂಪನಿ ಎರಡು, ಬಿಲ್ಲು ಎರಡು. ಗುದ್ದಲಿಯ ಪಾಲಿಗೆ ಮಾತ್ರ ಎರಡೂ ಒಂದೇ. ಸಂಪರ್ಕ ಹೋದರೂ ಮುಖ್ಯ ತಾಣದ ಸ್ಟೋರೇಜ್ ತನ್ನ ಪಾಡಿಗೆ ತಾನು ನಡೆಯಬೇಕಿತ್ತು. ನಡೆಯಲಿಲ್ಲ; ಅದೇ ಸರ್ವರುಗಳ ಕೈಗೆ ಎಟುಕದಾಯಿತು. ಕ್ಲಿಯರಿಂಗ್ ಸಂಸ್ಥೆಯ ಅಪಾಯ ನಿಯಂತ್ರಣ ವ್ಯವಸ್ಥೆ ನಿಂತಿತು, ಅದಿಲ್ಲದೆ ಪೇಟೆ ನಡೆಸುವಂತಿರಲಿಲ್ಲ. ಆಪತ್ತಿಗೆಂದು ಕಟ್ಟಿದ ಜೋಡಿಯೇ ಚೆನ್ನಾಗಿದ್ದ ಯಂತ್ರವನ್ನೂ ಮಲಗಿಸಿತು.

ನನ್ನ ವಾದ ಇಷ್ಟೇ. ಕೆಲಸ ಮಾಡದ ಎರಡನೇ ಸರ್ವರು ಸರ್ವರೇ ಅಲ್ಲ. ಅದು ಆಡಿಟ್ ಪಟ್ಟಿಯಲ್ಲಿ ಟಿಕ್ ಹಾಕಲು ಕೊಂಡ ದುಬಾರಿ ಪೆಟ್ಟಿಗೆ. ಅದು ಕಾಯುತ್ತಿದೆ ಎಂದು ನಾವು ನಂಬಿರುತ್ತೇವೆ. ನಿಜದಲ್ಲಿ ಅದು ದಿನದಿನಕ್ಕೂ ಹಳತಾಗುತ್ತಿರುತ್ತದೆ.

ಹೇಗೆ ಹಳತಾಗುತ್ತದೆ ಎಂದು ತಿಳಿಯಲು ಷೇರುಪೇಟೆಯಷ್ಟು ದೂರ ಹೋಗಬೇಕಿಲ್ಲ. ಯಾವುದೇ ಬ್ಯಾಂಕು, ಆಸ್ಪತ್ರೆಯ ನೆಟ್‌ವರ್ಕ್ ಕಾಯುವ ತಂತ್ರಾಂಶವನ್ನೇ ನೋಡಿ. ಮುಖ್ಯ ಸರ್ವರು, ಪಕ್ಕದಲ್ಲಿ ಕಾಯುವ ಸರ್ವರು, ನಡುವೆ ಹಾರ್ಟ್‌ಬೀಟ್. ಪರದೆಯ ಮೇಲೆ ಎರಡೂ ಹಸಿರು. ಆದರೆ ಹೋದ ತಿಂಗಳ ಅಪ್‌ಡೇಟ್ ಮೊದಲನೆಯದಕ್ಕೆ ಮಾತ್ರ ಬಿದ್ದಿದೆ. ಲೈಸೆನ್ಸು ಮೊದಲನೆಯ ಯಂತ್ರದ ಗುರುತಿಗೆ ಕಟ್ಟಿದೆ. ಸರ್ಟಿಫಿಕೇಟಿನಲ್ಲಿ ಒಂದೇ ಹೆಸರಿದೆ. ಫೈರ್‌ವಾಲ್ ಹಳೆಯ ವಿಳಾಸವನ್ನಷ್ಟೇ ಒಳಗೆ ಬಿಡುತ್ತದೆ. ನೂರಾರು ರೌಟರುಗಳು ತಮ್ಮ ದೂರನ್ನು ಇನ್ನೂ ಆ ಸತ್ತ ವಿಳಾಸಕ್ಕೇ ಕಳಿಸುತ್ತಿವೆ. ಹಾರ್ಟ್‌ಬೀಟ್ ತಂತಿಯೊಂದೇ ತುಂಡಾದರಂತೂ ಎರಡೂ ಸರ್ವರುಗಳು ತಾನೇ ಯಜಮಾನ ಎಂದುಕೊಂಡು ಒಂದೇ ಮನೆಯಲ್ಲಿ ಎರಡು ಲೆಕ್ಕ ಬರೆಯತೊಡಗುತ್ತವೆ. ಇವರಲ್ಲಿ ಯಾರು ಯಜಮಾನ ಎಂದು ಹೇಳುವ ಮೂರನೇ ಸಾಕ್ಷಿ ಬೇರೆ ಕಟ್ಟಡದಲ್ಲಿ, ಬೇರೆ ದಾರಿಯಲ್ಲಿ ಇರಬೇಕು. ಇವು ಯಾವುವೂ ಪರದೆಯ ಹಸಿರು ಬಣ್ಣದಲ್ಲಿ ಕಾಣುವುದಿಲ್ಲ. ಕೆಲಸ ಒಪ್ಪಿಸಿದಾಗ ಮಾತ್ರ ಕಾಣುತ್ತವೆ.

ಕೆಲಸ ಒಪ್ಪಿಸುವುದು ಹೇಗೆಂದು ಮುಂಬೈಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿನ ಲೋಕಲ್ ರೈಲಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆಯಿದೆ. ಚರ್ಚ್‌ಗೇಟಿಗೆ ಬಂದ ಗಾಡಿ ತಿರುಗುವುದಿಲ್ಲ. ಇಷ್ಟು ಹೊತ್ತು ಹಿಂದಿದ್ದ ಕೋಣೆಯೇ ಮುಂದಾಗಿ ವಿರಾರಿನ ಕಡೆ ಹೊರಡುತ್ತದೆ. ಹಿಂದಿನ ಕೋಣೆ ಸರಿಯಿದೆಯೇ ಎಂದು ಆರು ತಿಂಗಳಿಗೊಮ್ಮೆ ಸಮಿತಿ ಕೂರುವುದಿಲ್ಲ. ಪ್ರತಿ ಸುತ್ತಿನಲ್ಲೂ ಅದು ಜನರನ್ನು ಹೊತ್ತು ಉತ್ತರ ಕೊಡುತ್ತದೆ. ಜೋಡಿ ಸರ್ವರುಗಳೂ ಹೀಗೇ ಇರಬೇಕು: ಈ ತಿಂಗಳು ಇದು ಮುಖ್ಯ, ಬರುವ ತಿಂಗಳು ಅದು ಮುಖ್ಯ.

ಓಡುತ್ತಿರುವುದನ್ನು ಮುಟ್ಟಬೇಡಿ, ಬದಲಾಯಿಸುವಾಗಲೇ ಕೆಟ್ಟರೆ ಯಾರು ಹೊಣೆ ಎಂದು ಕೇಳುತ್ತಾರೆ. ದೂರದ ತಾಣಕ್ಕೆ ಹೋದರೆ ಕೊನೆಯ ಕೆಲವು ನಿಮಿಷಗಳ ದತ್ತಾಂಶ ಕಳೆದುಹೋಗಬಹುದು ಎಂದೂ ಹೇಳುತ್ತಾರೆ. ಎರಡೂ ಹುಸಿ ಭಯವಲ್ಲ. ಆದರೆ ಕೆಡುವ ದಿನವನ್ನು ನೀವು ಆರಿಸುತ್ತೀರೋ, ರಸ್ತೆ ಅಗೆಯುವವನಿಗೆ ಬಿಡುತ್ತೀರೋ? ನೀವು ಆರಿಸಿದ ದಿನ ಕೆಟ್ಟರೆ ಎಂಜಿನಿಯರುಗಳು ಎದುರಿಗಿರುತ್ತಾರೆ, ಹಿಂದಕ್ಕೆ ಮರಳುವ ದಾರಿಯೂ ತೆರೆದಿರುತ್ತದೆ. ಎಷ್ಟು ನಿಮಿಷದ ದತ್ತಾಂಶ ಹೋದರೆ ತಡೆದುಕೊಳ್ಳಬಹುದು, ಹೋದದ್ದನ್ನು ಹೇಗೆ ಹೊಂದಿಸಬೇಕು ಎಂಬ ಚರ್ಚೆಗೆ ಬೆಂಕಿ ಬಿದ್ದ ಹೊತ್ತು ಸರಿಯಾದ ಹೊತ್ತಲ್ಲ.

ನಿಜವಾಗಿ ತುಕ್ಕು ಹಿಡಿಯುವುದು ಯಂತ್ರಕ್ಕಿಂತ ಹೆಚ್ಚಾಗಿ ತೀರ್ಮಾನ. ಇನ್ನರ್ಧ ಗಂಟೆಯಲ್ಲಿ ಸರಿಹೋಗುತ್ತದೆ ಎಂಬ ಆಸೆ, ಮೇಲಿನವರು ಹೇಳಲಿ ಎಂಬ ಸಂಕೋಚ, ಇವೆರಡು ಸೇರಿದರೆ ನಾಲ್ಕು ಗಂಟೆ ಸಲೀಸಾಗಿ ಕಳೆಯುತ್ತದೆ. 2021ರ ಮಾರ್ಚಿನಲ್ಲಿ ಸೆಬಿ ತಂದ ನಿಯಮ ಈ ರೋಗಕ್ಕೇ ಮದ್ದು: ಮುಖ್ಯ ವ್ಯವಸ್ಥೆ ನಿಂತ 30 ನಿಮಿಷದೊಳಗೆ ಅದನ್ನು ವಿಪತ್ತು ಎಂದು ಘೋಷಿಸಬೇಕು, ಘೋಷಿಸಿದ 45 ನಿಮಿಷದೊಳಗೆ ಬದಲಿ ತಾಣದಿಂದ ಕೆಲಸ ಶುರುವಾಗಬೇಕು. ಆಸೆಗೆ ಗಡಿಯಾರ ಕಟ್ಟಿದರು. 2023ರಲ್ಲಿ ಎನ್‌ಎಸ್‌ಇ ಮತ್ತು ಅದರ ಕ್ಲಿಯರಿಂಗ್ ಸಂಸ್ಥೆ 72 ಕೋಟಿ ರೂಪಾಯಿಗೂ ಹೆಚ್ಚು ಕಟ್ಟಿ ಆ ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡವು. 2024ರ ಮಾರ್ಚ್ 2ರಂದು ವಿಶೇಷ ವಹಿವಾಟು ಇಟ್ಟು, ಮೊದಲ ಭಾಗವನ್ನು ಮುಖ್ಯ ತಾಣದಿಂದಲೂ ಎರಡನೆಯದನ್ನು ಬದಲಿ ತಾಣದಿಂದಲೂ ನಡೆಸಿದರು. ಒಳ್ಳೆಯದೇ. ಆದರೆ ಅದು ಮೊದಲೇ ಸಾರಿದ ಶನಿವಾರ, ಬೆಲೆಗಳ ಏರಿಳಿತಕ್ಕೂ 5 ಶೇಕಡಾ ಮಿತಿ. ಅಗೆಯುವ ಯಂತ್ರ ಸುತ್ತೋಲೆ ಹೊರಡಿಸಿ ಬರುವುದಿಲ್ಲ.

ದೊಡ್ಡವರ ಮೇಲೆ ಗಡಿಯಾರ ಹಿಡಿದು ನಿಲ್ಲಲು ಸೆಬಿ ಇದೆ. ನಿಮ್ಮ ಸಹಕಾರಿ ಬ್ಯಾಂಕಿಗೆ, ಆಸ್ಪತ್ರೆಗೆ, ಕಾಲೇಜಿಗೆ ಹಾಗೆ ನಿಲ್ಲಬೇಕಾದವರು ನೀವೇ. ಎರಡನೇ ಸರ್ವರು ಇದೆಯೇ ಎಂದು ಕೇಳಬೇಡಿ. ಇದೆ ಎಂದೇ ಹೇಳುತ್ತಾರೆ. ಅದು ಕೊನೆಯ ಬಾರಿಗೆ ಒಂದು ಇಡೀ ಕೆಲಸದ ವಾರ ಒಂಟಿಯಾಗಿ ದುಡಿದದ್ದು ಯಾವಾಗ ಎಂದು ಕೇಳಿ. ಎರಡು ಸಂಪರ್ಕಗಳು ಯಾವ ಯಾವ ರಸ್ತೆಯ ಕೆಳಗೆ ಹಾದುಹೋಗುತ್ತವೆ ಎಂದು ನಕ್ಷೆಯಲ್ಲಿ ತೋರಿಸಲು ಹೇಳಿ. ಬೆಳಿಗ್ಗೆ 11.40ಕ್ಕೆ ಯಾರನ್ನೂ ಕೇಳದೆ ಬದಲಿಸು ಎನ್ನುವ ಅಧಿಕಾರ ಯಾರಿಗಿದೆ, ಅವರು ರಜೆಯಲ್ಲಿದ್ದರೆ ಆಮೇಲೆ ಯಾರಿಗೆ, ಎಂದು ಹೆಸರು ಬರೆಸಿಕೊಳ್ಳಿ. ಹೆಸರು ಬರೆಯಲು ತಡವರಿಸಿದರೆ ಅಲ್ಲಿ ಇರುವುದು ಒಂದೇ ಸರ್ವರು ಎಂದು ತಿಳಿಯಿರಿ.