ಕಂಪ್ಯೂಟರ್ ಗ್ರಾಫಿಕ್ಸ್‌ಗೆ ಸುಣ್ಣದಕಲ್ಲಿನ ಗಣಿಯಲ್ಲಿ ಏನು ಕೆಲಸ?

ಕಂಪ್ಯೂಟರ್ ಗ್ರಾಫಿಕ್ಸ್ ಎಂದರೆ ಸಿನಿಮಾ ಮತ್ತು ವಿಡಿಯೋ ಗೇಮ್ ಎಂದು ಹಲವರು ತಿಳಿದಿದ್ದಾರೆ. ಆದರೆ ಈ ಹೆಸರು 1960ರ ಸುಮಾರಿಗೆ ಬಳಕೆಗೆ ಬಂದದ್ದು ಬೋಯಿಂಗ್ ವಿಮಾನ ಕಂಪನಿಯಲ್ಲಿ. 1963ರಲ್ಲಿ ಐವಾನ್ ಸದರ್‌ಲ್ಯಾಂಡ್ ರೂಪಿಸಿದ 'ಸ್ಕೆಚ್‌ಪ್ಯಾಡ್' ಕೂಡ ಎಂಜಿನಿಯರಿಂಗ್ ನಕ್ಷೆಗಳನ್ನು ಪರದೆಯ ಮೇಲೆಯೇ ಬಿಡಿಸಲು ನೆರವಾಯಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಸುಣ್ಣದಕಲ್ಲು ಮತ್ತು ಸಿಮೆಂಟ್ ಉದ್ಯಮ ಇದಕ್ಕೆ ಒಳ್ಳೆಯ ಉದಾಹರಣೆ.

ನೆಲದಡಿ ನೋಡುವುದು ಹೇಗೆ?

ಸಿಮೆಂಟಿಗೆ ಸುಣ್ಣದ ಅಂಶ ಹೆಚ್ಚಿರುವ, ಮೆಗ್ನೀಷಿಯಾ ಕಡಿಮೆ ಇರುವ ಕಲ್ಲು ಬೇಕು. ಅಲ್ಲಲ್ಲಿ ಕೊಳವೆ ಕೊರೆದು ಕಲ್ಲಿನ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಆ ಅಂಕಿಗಳಿಂದ ಸಾಫ್ಟ್‌ವೇರ್ ನೆಲವನ್ನು ಸಾವಿರಾರು ಪೆಟ್ಟಿಗೆಗಳಾಗಿ ವಿಂಗಡಿಸಿ, ಗುಣಕ್ಕೆ ತಕ್ಕಂತೆ ಬಣ್ಣ ತುಂಬುತ್ತದೆ. ಎಲ್ಲಿ, ಯಾವಾಗ, ಎಷ್ಟು ಆಳ ಅಗೆಯಬೇಕೆಂದು ಇದನ್ನು ನೋಡಿ ತೀರ್ಮಾನಿಸುತ್ತಾರೆ.

ಅಗೆದದ್ದು ಎಷ್ಟು?

ಡ್ರೋನ್ ಒಂದೇ ಜಾಗವನ್ನು ಹಲವು ಕೋನಗಳಿಂದ ಚಿತ್ರಿಸುತ್ತದೆ. ಆ ಫೋಟೋಗಳಿಂದ ಲಕ್ಷಾಂತರ ಬಿಂದುಗಳ ಸ್ಥಾನ ಲೆಕ್ಕಹಾಕಿ, ಅವನ್ನು ಪುಟ್ಟ ತ್ರಿಕೋನಗಳಿಂದ ಜೋಡಿಸಿದರೆ ಗಣಿಯ ಮೂರು ಆಯಾಮದ ಮೇಲ್ಮೈ ಸಿದ್ಧ. ಸಿನಿಮಾದ ರಾಕ್ಷಸನ ದೇಹವೂ ಇಂಥ ತ್ರಿಕೋನಗಳದ್ದೇ! ಎರಡು ವರ್ಷಗಳ ಮೇಲ್ಮೈಗಳನ್ನು ಹೋಲಿಸಿದರೆ ಎಷ್ಟು ಕಲ್ಲು ಹೋಗಿದೆ ಎಂದು ತಿಳಿಯುತ್ತದೆ.

2021ರ ತಿದ್ದುಪಡಿ ನಿಯಮಗಳ ಪ್ರಕಾರ, 50 ಹೆಕ್ಟೇರ್ ಅಥವಾ ಹೆಚ್ಚು ಗುತ್ತಿಗೆ ಪ್ರದೇಶವಿರುವ, ಇಲ್ಲವೇ ವರ್ಷಕ್ಕೆ 10 ಲಕ್ಷ ಟನ್ ಅಥವಾ ಹೆಚ್ಚು ಅಗೆಯುವ ಯೋಜನೆಯಿರುವ ಗಣಿಗಳು ಪ್ರತಿವರ್ಷ ಡ್ರೋನ್ ಚಿತ್ರ ಸಲ್ಲಿಸಬೇಕು. ಗಡಿಯಿಂದ 100 ಮೀಟರ್ ಹೊರಗಿನ ಜಾಗವೂ ಅದರಲ್ಲಿ ಇರಬೇಕು. ಗಣಿ ಗಡಿ ಮೀರಿ ಪಕ್ಕದ ಹೊಲಕ್ಕೆ ಕಾಲಿಟ್ಟರೆ ಚಿತ್ರದಲ್ಲಿ ಕಾಣುತ್ತದೆ.

ಬಣ್ಣದ ಚಿತ್ರವೆಲ್ಲ ನಿಜವೇ?

ಅಲ್ಲ. ಎರಡು ಕೊಳವೆಗಳ ನಡುವಿನ ಬಣ್ಣ ಕಣ್ಣಾರೆ ಕಂಡದ್ದಲ್ಲ, ಲೆಕ್ಕದ ಅಂದಾಜು. ನೀರು ತುಂಬಿದ ಹಳೆಯ ಗಣಿಯಲ್ಲಿ ಡ್ರೋನ್ ಫೋಟೋಕ್ಕೆ ಸಿಗುವುದು ನೀರಿನ ಮೇಲ್ಮೈ ಮಾತ್ರ, ತಳವಲ್ಲ. ಒಂದು ಹೆಕ್ಟೇರಿನಲ್ಲಿ ಎತ್ತರ ಬರೀ 10 ಸೆಂಟಿಮೀಟರ್ ತಪ್ಪಿದರೂ ಲೆಕ್ಕ 1,000 ಘನ ಮೀಟರ್, ಅಂದರೆ ಸುಮಾರು 2,500 ಟನ್ ಕಲ್ಲಿನಷ್ಟು ಏರುಪೇರಾಗುತ್ತದೆ.

ಇದು ಊರಿನವರಿಗೂ ಸಂಬಂಧಿಸಿದ್ದು. ಸುಣ್ಣದಕಲ್ಲಿನ ರಾಜಧನ ಟನ್ ಲೆಕ್ಕದಲ್ಲಿದೆ; ಗಣಿಬಾಧಿತ ಹಳ್ಳಿಗಳಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಗೆ ಗಣಿ ಕಂಪನಿ ಕಟ್ಟುವ ಹಣವೂ ಆ ರಾಜಧನವನ್ನೇ ಆಧರಿಸಿದೆ. ಹಾಗಾಗಿ ಗಣಿಯ ಚಿತ್ರ ತೋರಿಸಿದಾಗ ಎರಡು ಪ್ರಶ್ನೆ ಕೇಳಿ: ಇದರಲ್ಲಿ ಅಳೆದದ್ದು ಯಾವುದು? ಅಂದಾಜಿಸಿದ್ದು ಯಾವುದು?