‘ಎಷ್ಟು’ ಎಂದು ಕೇಳದ ಪುಟ್ಟ ರಾಜಕುಮಾರ

ದೀಪಾವಳಿಗೆ ಊರಿಗೆ ಹೋಗಿದ್ದೆ. ಬಸ್ ಇಳಿದು ಮನೆ ಸೇರುವಷ್ಟರಲ್ಲಿ ಮೂರು ಪ್ರಶ್ನೆ ಎದುರಾದವು. ಅಂಗಡಿ ಮಾವ ‘ಎಷ್ಟನೇ ಸೆಮ್ಮು?’ ಎಂದರು. ಪಕ್ಕದ ಮನೆ ಅಜ್ಜ ‘ಪರ್ಸೆಂಟೇಜ್ ಎಷ್ಟು ಮಗಾ?’ ಎಂದರು. ಅತ್ತೆ ಕಾಫಿ ಲೋಟ ಕೈಗಿಡುತ್ತಲೇ ‘ನಿಮ್ಮ ಕಾಲೇಜಿಗೆ ಬರೋ ಕಂಪನಿ ಪ್ಯಾಕೇಜ್ ಎಷ್ಟು ಕೊಡುತ್ತಂತೆ?’ ಎಂದರು. ಎಲ್ಲದಕ್ಕೂ ಥಟ್ಟನೆ ಉತ್ತರಿಸಿದೆ.

ಏಳನೇ ಕ್ಲಾಸಿನ ತಂಗಿ ಮಾತ್ರ ‘ಎಷ್ಟು’ ಎನ್ನಲಿಲ್ಲ. ‘ಅಣ್ಣಾ, ನಿನ್ನ ರೂಮ್‌ಮೇಟ್‌ಗೆ ಯಾವ ಆಟ ಇಷ್ಟ?’ ಎಂದಳು. ನನಗೆ ಗೊತ್ತಿರಲಿಲ್ಲ. ‘ನೋಡ್ದಾ, ನೀನೂ ದೊಡ್ಡವನಾಗಿಬಿಟ್ಟೆ’ ಎಂದು ನಕ್ಕಳು. ಆ ಪ್ರಶ್ನೆ ಅವಳದಲ್ಲ, ಶಾಲೆಯ ಲೈಬ್ರರಿಯಿಂದ ತಂದು ಓದುತ್ತಿದ್ದ ‘ದಿ ಲಿಟಲ್ ಪ್ರಿನ್ಸ್’ ಪುಸ್ತಕದ್ದು. ದೊಡ್ಡವರಿಗೆ ಹೊಸ ಗೆಳೆಯನ ಬಗ್ಗೆ ಹೇಳಿದರೆ ಅವನ ವಯಸ್ಸು, ತೂಕ, ಅಪ್ಪನ ಸಂಪಾದನೆ ಕೇಳುತ್ತಾರೆಯೇ ಹೊರತು ಅವನ ಇಷ್ಟದ ಆಟ ಕೇಳುವುದಿಲ್ಲ ಎಂದು ಆ ಪುಸ್ತಕ ದೂರುತ್ತದೆ. ಆ ರಾತ್ರಿ ಒಂದೇ ಪಟ್ಟಿಗೆ ಓದಿ ಮುಗಿಸಿದೆ.

ಬರೆದವನು ಆಂತ್ವಾನ್ ದ ಸೇಂಟ್ ಎಕ್ಸುಪೆರಿ, ಫ್ರಾನ್ಸ್‌ನ ಪೈಲಟ್. 1935ರಲ್ಲಿ ಅವನ ವಿಮಾನ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಬಿತ್ತು. ಅವನೂ ಮೆಕ್ಯಾನಿಕ್ಕೂ ನೀರಿಲ್ಲದೆ ದಿನಗಟ್ಟಲೆ ಅಲೆದು, ಕೊನೆಗೆ ಒಬ್ಬ ಅರಬ್ ಅಲೆಮಾರಿಯ ಕಣ್ಣಿಗೆ ಬಿದ್ದು ಬದುಕಿದರು. ಕಾದಂಬರಿಯಲ್ಲೂ ಮರುಭೂಮಿಯಲ್ಲಿ ಸಿಕ್ಕಿಬಿದ್ದ ಪೈಲಟ್‌ನ ಎದುರಿಗೇ ಆ ಪುಟ್ಟ ಹುಡುಗ ಪ್ರತ್ಯಕ್ಷನಾಗುವುದು. ಪುಸ್ತಕ ಹೊರಬಂದದ್ದು 1943ರಲ್ಲಿ, ನ್ಯೂಯಾರ್ಕ್‌ನಲ್ಲಿ. ಆಗ ಫ್ರಾನ್ಸ್ ಜರ್ಮನ್ನರ ಕೈಯಲ್ಲಿತ್ತು. ಮರುವರ್ಷ ಜುಲೈ 31ರಂದು ಯುದ್ಧವಿಮಾನ ಹತ್ತಿಹೋದ ಲೇಖಕ ಮರಳಲಿಲ್ಲ. ತನ್ನ ಪುಸ್ತಕ ತನ್ನ ದೇಶದಲ್ಲಿ ಅಚ್ಚಾದದ್ದನ್ನು ಅವನು ನೋಡಲೇ ಇಲ್ಲ. ಇವತ್ತು ಅದು 300ಕ್ಕೂ ಹೆಚ್ಚು ಭಾಷೆಗಳಲ್ಲಿದೆ.

ಇಷ್ಟು ವರ್ಷವಾದರೂ ಅದು ಹಳತಾಗಲಿಲ್ಲ ಏಕೆ? ಮಕ್ಕಳ ಕಥೆಯ ವೇಷದಲ್ಲಿ ಅದು ಹೇಳುತ್ತಿರುವುದು ನಮ್ಮ ಕಥೆಯನ್ನೇ ಎನ್ನುವುದು ನನ್ನ ಉತ್ತರ. ಅದರಲ್ಲೊಬ್ಬ ವ್ಯಾಪಾರಿ ಇದ್ದಾನೆ. ನಕ್ಷತ್ರ ಎಣಿಸುವುದೇ ಅವನ ಕೆಲಸ, ಲೆಕ್ಕ ಐವತ್ತು ಕೋಟಿ ದಾಟಿದೆ, ಆದರೆ ತಲೆಯೆತ್ತಿ ಒಂದನ್ನೂ ನೋಡುವುದಿಲ್ಲ. ಟರ್ಕಿಯ ಒಬ್ಬ ಖಗೋಳ ವಿಜ್ಞಾನಿ ಇದ್ದಾನೆ. ಬಿ-612 ಎಂಬ ಕ್ಷುದ್ರಗ್ರಹ ಕಂಡುಹಿಡಿದೆ ಎಂದರೆ ಅವನ ಉಡುಪು ನೋಡಿ ಯಾರೂ ನಂಬುವುದಿಲ್ಲ. ಅದನ್ನೇ ಕೋಟು ಟೈ ಹಾಕಿಕೊಂಡು ಬಂದು ಹೇಳಿದಾಗ ಎಲ್ಲರೂ ಒಪ್ಪುತ್ತಾರೆ. ಇಂಟರ್‌ವ್ಯೂಗೆಂದು ಗೆಳೆಯನ ಶೂ ಕಡ ತಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮಂಥವರಿಗೆ ಇಷ್ಟವಾಗುವ ಇನ್ನೊಂದು ಸಂಗತಿ ಇದೆ. ಬಿ612 ಎಂಬುದನ್ನು ಹೆಕ್ಸಾಡೆಸಿಮಲ್ ಎಂದುಕೊಂಡು ಡೆಸಿಮಲ್‌ಗೆ ಬದಲಿಸಿ, 46610 ಬರುತ್ತದೆ. 46610ನೇ ಸಂಖ್ಯೆಯ ನಿಜವಾದ ಕ್ಷುದ್ರಗ್ರಹಕ್ಕೆ ‘ಬೇಸಿಸ್‌ದೂಜ್’, ಅಂದರೆ ಫ್ರೆಂಚ್‌ನಲ್ಲಿ ‘ಬಿ-ಆರು-ಹನ್ನೆರಡು’ ಎಂದೇ ಹೆಸರಿಟ್ಟಿದ್ದಾರೆ. ಸಂಖ್ಯೆಗಳನ್ನು ಗೇಲಿ ಮಾಡಿದ ಪುಸ್ತಕಕ್ಕೆ ಸಂಖ್ಯೆಯಲ್ಲೇ ಸಲ್ಲಿಸಿದ ಗೌರವ!

ಈಗ ನನ್ನ ರೂಮ್‌ಮೇಟ್ ವಿಷಯಕ್ಕೆ ಬರುತ್ತೇನೆ. ಎರಡು ವರ್ಷ ಒಂದೇ ಕೋಣೆಯಲ್ಲಿದ್ದೆವು. ಐದು ಬ್ಯಾಕ್ ಉಳಿದು, ಇಯರ್ ಬ್ಯಾಕ್ ಆಗಿ ಅವನು ಊರಿಗೆ ಹೊರಟ. ಹಾಸ್ಟೆಲ್‌ನಲ್ಲಿ ಅವನ ಹೆಸರೇ ‘ಐದು ಬ್ಯಾಕ್’ ಎಂದಾಗಿತ್ತು. ನಾನೂ ಹಾಗೇ ಕರೆದಿದ್ದೇನೆ. ಪರೀಕ್ಷೆ ಹತ್ತಿರ ಬಂದಾಗ, ಇವನ ಜತೆ ಕೂತರೆ ನನ್ನ ಓದೂ ಕೆಡುತ್ತದೆ ಎಂದು ಲೈಬ್ರರಿಗೆ ಎದ್ದು ಹೋಗಿದ್ದೂ ಉಂಟು. ಅವನು ಟ್ರಂಕ್ ಹೊತ್ತು ಹೋದ ದಿನ ನನಗೆ ಇಂಟರ್ನಲ್ಸ್ ಇತ್ತು. ಬಸ್‌ಸ್ಟ್ಯಾಂಡಿಗೂ ಹೋಗಲಿಲ್ಲ. ಅವನ ಯುಎಸ್‌ಎನ್ ಈಗಲೂ ಬಾಯಿಪಾಠ, ಯಾವ ಸಬ್ಜೆಕ್ಟಿನಲ್ಲಿ ಎಷ್ಟು ಬಂತೆಂಬುದೂ ಗೊತ್ತು. ಆಟ ಮಾತ್ರ ಗೊತ್ತಿಲ್ಲ.

ತಮಾಷೆಯೆಂದರೆ, ಆಮೇಲೆ ಒಂದೇ ತಿಂಗಳಲ್ಲಿ ಅದೇ ಅಳತೆಗೋಲು ನನ್ನ ಬೆನ್ನಿಗೂ ಬಿತ್ತು. ಒಂದು ಕಂಪನಿ ಇಂಟರ್ನ್‌ಶಿಪ್‌ಗೆ ಕಟ್‌ಆಫ್ 7.5 ಇಟ್ಟಿತ್ತು. ನನ್ನ ಸಿಜಿಪಿಎ 7.42. ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ಬಟನ್ ಕೂಡ ತೆರೆದುಕೊಳ್ಳಲಿಲ್ಲ. ಅವತ್ತು ಕಂಪನಿಯನ್ನು ಬಾಯಿಗೆ ಬಂದಂತೆ ಬೈದೆ. ಹಾಸ್ಟೆಲ್‌ನಲ್ಲಿ ನಾನು ಮಾಡಿದ್ದೂ ಅದೇ ಕೆಲಸ ಎಂದು ಹೊಳೆಯಲಿಲ್ಲ.

ಹಾಗೆಂದು ಅಂಕೆಗಳೇ ಬೇಡ ಎನ್ನುವಷ್ಟು ಪೆದ್ದ ನಾನಲ್ಲ. ನೂರಾರು ಅರ್ಜಿ ಬಂದಾಗ ಕಂಪನಿ ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಸೇತುವೆ ಕಟ್ಟುವವನ ಲೆಕ್ಕ ತಪ್ಪಿದರೆ ಜನ ಸಾಯುತ್ತಾರೆ. ಸ್ವತಃ ಎಕ್ಸುಪೆರಿಯೇ ಇಂಧನ, ಎತ್ತರ, ದಿಕ್ಕಿನ ಲೆಕ್ಕ ನಂಬಿ ಹಾರಿದವನು. ಆದರೆ ಗೆರೆ ಎಳೆಯುವುದು ಕಂಪನಿಗೆ ಅನಿವಾರ್ಯ. ಒಂದೇ ಮೆಸ್ಸಿನಲ್ಲಿ ಉಣ್ಣುವ ನಮಗೆ ಅದೇನು ಅನಿವಾರ್ಯ? ನಮ್ಮೆದುರು ಸಾವಿರ ಅರ್ಜಿಗಳಿಲ್ಲ, ಪಕ್ಕದ ಮಂಚದಲ್ಲಿ ಒಬ್ಬ ಹುಡುಗ ಇದ್ದಾನೆ ಅಷ್ಟೆ.

ಕಾದಂಬರಿಯ ನರಿ ರಾಜಕುಮಾರನಿಗೆ ಕಲಿಸುವುದು ಇದನ್ನೇ. ಗೆಳೆತನಕ್ಕೆ ಶಾರ್ಟ್‌ಕಟ್ ಇಲ್ಲ. ದಿನವೂ ಬರಬೇಕು, ಸುಮ್ಮನೆ ಕೂರಬೇಕು, ದಿನಕ್ಕಿಷ್ಟು ಹತ್ತಿರ ಸರಿಯಬೇಕು. ತೋಟದಲ್ಲಿ ಐದು ಸಾವಿರ ಗುಲಾಬಿ ಕಂಡು ಅತ್ತಿದ್ದ ಹುಡುಗನಿಗೆ, ತಾನು ನೀರೆರೆದ ಒಂದೇ ಗುಲಾಬಿ ಏಕೆ ಬೇರೆ ಎಂಬುದು ಆಗ ತಿಳಿಯುತ್ತದೆ. ಎಕ್ಸುಪೆರಿ ಈ ಪುಸ್ತಕವನ್ನು ಅರ್ಪಿಸಿದ್ದೂ ಗೆಳೆಯ ಲಿಯೋನ್ ವೆರ್ತ್‌ಗೆ. ಅವನು ಫ್ರಾನ್ಸ್‌ನಲ್ಲಿ ಹಸಿವು, ಚಳಿಯಲ್ಲಿದ್ದಾನೆ, ಅವನಿಗೆ ಸಮಾಧಾನ ಬೇಕಿದೆ ಎಂಬುದು ಲೇಖಕ ಕೊಟ್ಟ ಕಾರಣಗಳಲ್ಲೊಂದು. ಕಷ್ಟದಲ್ಲಿದ್ದ ಗೆಳೆಯನಿಗೆ ಒಬ್ಬ ಪುಸ್ತಕ ಕೊಟ್ಟ, ನಾನು ಬಸ್‌ಸ್ಟ್ಯಾಂಡಿಗೂ ಹೋಗಲಿಲ್ಲ.

ಹಬ್ಬದ ಮರುದಿನ ರೂಮ್‌ಮೇಟ್‌ಗೆ ಫೋನ್ ಮಾಡಿದೆ. ‘ಏನಪ್ಪಾ, ರಿಸಲ್ಟ್ ಬಂತಾ?’ ಎಂದ. ನನ್ನ ಫೋನ್ ಬಂದರೆ ಬೇರೆ ಕಾರಣ ಇರಬಹುದೆಂದು ಅವನಿಗೂ ಅನ್ನಿಸಲಿಲ್ಲ. ‘ಇಲ್ಲ ಕಣೋ. ನಿನಗೆ ಯಾವ ಆಟ ಇಷ್ಟ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಲೆ ಸರಿ ಇದೆಯಾ?’ ಎಂದು ನಕ್ಕ. ಆಮೇಲೆ ತನ್ನೂರಿನ ಕಬಡ್ಡಿ ಟೀಮಿನ ಬಗ್ಗೆ ಮಾತಿಗೆ ತೊಡಗಿದ. ಅವನೇ ಅದರ ರೇಡರ್ ಅಂತೆ.

ನಿಮ್ಮ ಪಕ್ಕದ ಮಂಚದವನನ್ನೂ ಒಮ್ಮೆ ಕೇಳಿ ನೋಡಿ. ಅವನು ಊರಿಗೆ ಹೋಗುವ ಮುಂಚೆಯೇ ಕೇಳಿ.